ಮಗಳ ಉಪ್ಪುಹಿಟ್ಟಿನ ಕೈಯಚ್ಚು ಬೆವರುತ್ತಿದೆ, ಉಳಿಸೋದು ಹೇಗೆ?

ಹಸಿರುಬಳೆ (ತ್ಯಾಗರಾಜನಗರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಮಗಳಿಗೆ ಒಂದು ವರ್ಷ ತುಂಬಿದಾಗ ಮೈದಾ, ಉಪ್ಪು, ನೀರು ಕಲಸಿ, ಅವಳ ಕೈ ಒತ್ತಿಸಿ ಒಂದು ಬಿಲ್ಲೆ ಮಾಡಿದ್ದೆ. ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಒಣಗಿಸಿ, ನೀಲಿ ಬಣ್ಣ ಬಳಿದು, ವಾರ್ನಿಶ್ ಹೊಡೆದು ಗೋಡೆಗೆ ನೇತು ಹಾಕಿದ್ದೆ. ಹಳೇ ಮನೆಯಲ್ಲಿ ನಾಲ್ಕು ವರ್ಷ ಕಲ್ಲಿನ ಹಾಗೆ ಇತ್ತು. ಈ ಜೂನ್‌ನಲ್ಲಿ ಹೊಸ ಬಾಡಿಗೆ ಮನೆಗೆ ಬಂದೆವು. ಈಗ ಮುಟ್ಟಿದರೆ ಅಂಟಂಟು. ಕಿರುಬೆರಳಿನ ಗುಳಿಯಲ್ಲಿ ಒಂದು ಸಣ್ಣ ಹನಿ ಕೂತಿರುತ್ತದೆ. ಒರೆಸಿದರೆ ಮರುದಿನ ಬೆಳಗ್ಗೆ ಮತ್ತೆ ಹಾಜರ್. ಅಂಚಿನಲ್ಲಿ ಬಿಳಿ ಪುಡಿ. ಉಗುರು ಒತ್ತಿದರೆ ಗುರುತು ಬೀಳುತ್ತದೆ.

ಇನ್ನೊಂದು ತಾಪತ್ರಯ. ದಸರಾಕ್ಕೆ ಬೊಂಬೆ ಕೂರಿಸುತ್ತೇವೆ. ನಮ್ಮ ಶೆಟ್ಟಿ ಅಂಗಡಿಯಲ್ಲಿ ಶೆಟ್ಟಿ, ಶೆಟ್ಟಮ್ಮ ಇದ್ದಾರೆ, ಸಾಮಾನೇ ಇಲ್ಲ. ಬದನೆಕಾಯಿ, ಟೊಮೆಟೊ, ಬಾಳೆಗೊನೆ ಎಲ್ಲ ಇದೇ ಹಿಟ್ಟಿನಲ್ಲಿ ಮಾಡೋಣ ಅಂತ ಕೂತೆ. ಐದು ದಿನ ಆಯ್ತು, ಒಣಗಿಲ್ಲ. ಬದನೆಕಾಯಿ ತನ್ನ ಭಾರಕ್ಕೆ ತಾನೇ ಕುಸಿದು ವಡೆ ಥರ ಆಗಿದೆ.

ತರಕಾರಿ ಹೋದರೆ ಹೋಗಲಿ. ಕೈಯಚ್ಚು ಉಳಿಯುತ್ತದಾ ಹೇಳಿ. ಇನ್ನೊಂದು ಮಾಡೋಣ ಅಂದರೆ ಆ ಅಳತೆಯ ಕೈ ಈಗಿಲ್ಲ.

ಒಂದ್ನಿಮಿಷ ಗುರು

ಉಪ್ಪು ತಿಂದವನು ನೀರು ಕುಡಿಯಲೇಬೇಕು ಮೇಡಂ. ನಿಮ್ಮ ಬಿಲ್ಲೆ ಕುಡಿಯುತ್ತಾ ಇದೆ, ಅಷ್ಟೆ.

ಹಸಿರುಬಳೆ

ನಗು ಬಂತು. ಆದರೆ ಹನಿ ಅಲ್ಲೇ ಇದೆ.

ಓಟಿಜಿ ರಾಣಿ (ರಾಜಾಜಿನಗರ)

ಅಕ್ಕ, ಮೊದಲು ಅಳತೆ ಹೇಳಿ. ಎಷ್ಟು ಮೈದಾಕ್ಕೆ ಎಷ್ಟು ಉಪ್ಪು? ಯಾವ ಉಪ್ಪು? ಎಷ್ಟು ದಪ್ಪ? ಇದೆಲ್ಲ ಗೊತ್ತಾಗದೆ ಯಾರು ಏನು ಹೇಳಿದರೂ ಅಂದಾಜು.

ನಾನು ಮಾಡೋದು ಹೀಗೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು. ನೀರು ಮುಕ್ಕಾಲು ಲೋಟದಿಂದ ಶುರು ಮಾಡಿ, ಬೇಕಿದ್ದರೆ ಚಮಚ ಚಮಚವಾಗಿ. ಚಪಾತಿ ಹಿಟ್ಟಿಗಿಂತ ಗಟ್ಟಿ, ಪೂರಿ ಹಿಟ್ಟಿನ ಹದ. ಹತ್ತು ನಿಮಿಷ ಚೆನ್ನಾಗಿ ನಾದಬೇಕು, ಆಮೇಲೆ ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿ ಬಿಡಬೇಕು. ನೆನೆಯಲು ಬಿಡದಿದ್ದರೆ ಕತ್ತರಿಸಿದ ನಕ್ಷತ್ರ ಎಳೆದುಕೊಂಡು ಸಣ್ಣದಾಗುತ್ತದೆ. ನಿಪ್ಪಟ್ಟಿಗಿಂತ ಸ್ವಲ್ಪ ದಪ್ಪ, ಅಂದರೆ 5–6 ಮಿಲಿಮೀಟರ್. ಓಟಿಜಿಯಲ್ಲಿ 100 ಡಿಗ್ರಿಗೆ ಮೂರು ಗಂಟೆ, ನಡುವೆ ಒಮ್ಮೆ ಮಗುಚಬೇಕು. 180ಕ್ಕೆ ಇಟ್ಟು ಬೇಗ ಮುಗಿಸೋಣ ಅಂದರೆ ಉಬ್ಬುತ್ತೆ, ಬಿರುಕು ಬಿಡುತ್ತೆ, ಕೆಂಪಾಗುತ್ತೆ. ಬೇಯಿಸುತ್ತಿಲ್ಲ, ಒಣಗಿಸುತ್ತಿದ್ದೀವಿ ಅನ್ನೋದು ನೆನಪಿರಲಿ.

ಹಸಿರುಬಳೆ

ಕೈಯಚ್ಚಿಗೆ ಹಾಕಿದ್ದು ನಿಮ್ಮದೇ ಅಳತೆ, ಪುಡಿ ಉಪ್ಪು. ಸುಮಾರು ಒಂದು ಸೆಂಟಿಮೀಟರ್ ದಪ್ಪ ಇದೆ. ತರಕಾರಿಗೆ ಮಾತ್ರ ಈ ಸಲ ಕಲ್ಲುಪ್ಪು ಹಾಕಿದೆ. ಮನೆಯಲ್ಲಿ ಒಂದು ಕೆಜಿ ಸುಮ್ನೆ ಕೂತಿತ್ತು.

ಕುಮಟಾ ಕಡೆಯವ

ಅಯ್ಯೋ ಮಾರಾಯ್ರೆ, ಕಲ್ಲುಪ್ಪಾ! ನಮ್ಮ ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆ ಉಂಟು. ಮನೆಯಲ್ಲಿ ಅದೇ ಉಪ್ಪು. ಮಳೆಗಾಲದಲ್ಲಿ ಭರಣಿಯ ಅಡಿಯಲ್ಲಿ ನೀರು ನಿಲ್ಲುತ್ತದೆ, ಅಮ್ಮ ಅದನ್ನು ಬಸಿದು ಚೆಲ್ಲುತ್ತಾರೆ. ಉಪ್ಪಿನಕಾಯಿಗೆ ಅದರಷ್ಟು ರುಚಿ ಬೇರೆ ಇಲ್ಲ. ಬೊಂಬೆಗೆ ಬೇಡ.

ರಸಾಯನ ಮೇಷ್ಟ್ರು

ಕುಮಟಾದವರು ಹೇಳಿದ್ದು ಸರಿ. ಕಾರಣ ಹೇಳುತ್ತೇನೆ.

ಶುದ್ಧ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದ ಮೇಲೆ ತಾನಾಗಿ ನೀರು ಎಳೆದುಕೊಂಡು ಕರಗಲು ಶುರು ಮಾಡುತ್ತದೆ. ಅದಕ್ಕಿಂತ ಕೆಳಗಿದ್ದರೆ ಸುಮ್ಮನಿರುತ್ತದೆ. ಶುದ್ಧ ಮಾಡದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಸ್ವಲ್ಪ ಉಳಿದಿರುತ್ತದೆ. ಅದಕ್ಕೆ ಶೇಕಡಾ 33ರ ಆಸುಪಾಸಿನ ತೇವವೇ ಸಾಕು. ಅಂದರೆ ಬೆಂಗಳೂರಿನಲ್ಲಿ ವರ್ಷದ ಹೆಚ್ಚಿನ ದಿನ ಅದು ಬೆವರುತ್ತಲೇ ಇರುತ್ತದೆ. ಪುಡಿ ಉಪ್ಪಿಗೆ ಗಟ್ಟಿಯಾಗದ ಹಾಗೆ ಒಂದಿಷ್ಟು ಪುಡಿ ಬೆರೆಸಿರುತ್ತಾರೆ, ಅದರಿಂದಲೂ ಅನುಕೂಲ. ಅಯೋಡಿನ್ ಇದ್ದರೆ ತೊಂದರೆ ಇಲ್ಲ.

ಆ ಬಿಳಿ ಪುಡಿ ಬೂಷ್ಟಲ್ಲ. ಹಗಲು ಒಣಗುವಾಗ ನೀರಿನ ಜೊತೆ ಉಪ್ಪು ಮೇಲಕ್ಕೆ ಬಂದು, ನೀರು ಹಾರಿ ಉಪ್ಪು ಅಲ್ಲೇ ಉಳಿಯುತ್ತದೆ. ಹಳೇ ಮನೆ ಗೋಡೆಯಲ್ಲಿ ಸುಣ್ಣ ಉದುರಿ ಬಿಳಿ ಹಿಡಿಯುತ್ತಲ್ಲ, ಅದೇ ಕಥೆ.

ಬಸವನಗುಡಿ ಭಾಗೀರಥಿ

ಮೇಷ್ಟ್ರೇ, ಅದಕ್ಕೇ ನಮ್ಮಮ್ಮ ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಿದ್ದರು. ಶೇಕಡಾ ಎಷ್ಟು ಅಂತ ಅವರಿಗೆ ಗೊತ್ತಿರಲಿಲ್ಲ.

ಪಾಟರಿ ಟೌನ್ ಪಕ್ಕದಮನೆ

ಇಷ್ಟೆಲ್ಲ ಕಷ್ಟ ಯಾಕೆ? ಬೆನ್ಸನ್ ಟೌನ್ ಪಕ್ಕ ಪಾಟರಿ ಟೌನ್‌ಗೆ ಬನ್ನಿ. ಒಂದು ಮುದ್ದೆ ಜೇಡಿಮಣ್ಣು ಕೇಳಿದರೆ ಕೊಡುತ್ತಾರೆ. ಸುಟ್ಟು ಕೊಡುತ್ತೀರಾ ಅಂತಲೂ ಕೇಳಿ. ಸುಟ್ಟ ಮಣ್ಣು ಬೆವರಲ್ಲ, ಇಲಿ ತಿನ್ನಲ್ಲ, ನೂರು ವರ್ಷ ಇರುತ್ತೆ. ಮೈದಾ ಉಪ್ಪು ಕಲಸೋದು ಮಕ್ಕಳ ಆಟ.

ಓಟಿಜಿ ರಾಣಿ

ಮಕ್ಕಳ ಆಟವೇ ಸರ್. ಮಳೆ ಬರುತ್ತಿರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾಲ್ಕು ವರ್ಷದ ಹುಡುಗನನ್ನು ಕಟ್ಟಿಕೊಂಡು ಬೆನ್ಸನ್ ಟೌನ್‌ಗೆ ಹೋಗಲು ಆಗಲ್ಲ. ಅಡುಗೆಮನೆಯಲ್ಲಿ ಡಬ್ಬ ತೆಗೆದರೆ ಸಾಮಾನು ಸಿಗುತ್ತೆ ಅನ್ನೋದೇ ಇದರ ಮಜಾ.

ನೇರ ಮಾತು

ಕೋಪ ಮಾಡಿಕೊಳ್ಳಬೇಡಿ. ತಿನ್ನೋ ಹಿಟ್ಟನ್ನು ಹೀಗೆ ಹಾಳು ಮಾಡೋದು ನನಗೆ ಸರಿ ಕಾಣಲ್ಲ. ಉಪ್ಪನ್ನು ಚೆಲ್ಲಬಾರದು ಅಂತ ಬೆಳೆದವರು ನಾವು.

ಒಂದ್ನಿಮಿಷ ಗುರು

ಹಬ್ಬಕ್ಕೆ ಬಾಗಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕಲ್ವಾ ಸ್ವಾಮಿ?

ನೇರ ಮಾತು

ಅದನ್ನು ಇರುವೆ ತಿನ್ನುತ್ತದೆ. ನಿಮ್ಮದನ್ನು ಇರುವೆಯೂ ಮೂಸಲ್ಲ.

ಬಸವನಗುಡಿ ಭಾಗೀರಥಿ

ಇಬ್ಬರೂ ಸುಮ್ಮನಿರಿ. ಹುಳ ಬಿದ್ದ ಮೈದಾ ಜರಡಿ ಹಿಡಿದು ಇದಕ್ಕೆ ಬಳಸಿದರೆ ಯಾರ ಹೊಟ್ಟೆಯೂ ಕೆಡಲ್ಲ. ನಾನು ಅದನ್ನೇ ಮಾಡೋದು. ಇನ್ನು ಹಿಟ್ಟಿನಲ್ಲಿ ಅಲಂಕಾರ ನಮಗೇನು ಹೊಸದಾ? ತಂಬಿಟ್ಟಿನ ಆರತಿ ಮಾಡಲ್ವಾ, ಅಕ್ಕಿಹಿಟ್ಟು ಬೆಲ್ಲ ಕಲಸಿ, ನಡುವೆ ಗುಳಿ ಮಾಡಿ, ತುಪ್ಪದ ಬತ್ತಿ ಹಚ್ಚಿ? ಆರತಿ ಆದ ಮೇಲೆ ಪ್ರಸಾದ. ಇದನ್ನು ತಿನ್ನೋಕಾಗಲ್ಲ, ಅಷ್ಟೇ ವ್ಯತ್ಯಾಸ.

ಯಲಹಂಕ ಯಶೋದೆ

ದೀಪದ ವಿಷಯ ಬಂತು ಅಂತ ಹೇಳುತ್ತೇನೆ. ಹೋದ ದೀಪಾವಳಿಗೆ ಉಪ್ಪುಹಿಟ್ಟಿನಲ್ಲಿ ಹಣತೆ ಮಾಡಿದ್ದೆ. ಬಣ್ಣ, ಕುಂದಣ, ಸಣ್ಣ ಕನ್ನಡಿ ಎಲ್ಲ ಅಂಟಿಸಿ ಚೆಂದ ಮಾಡಿದ್ದೆ. ಎಣ್ಣೆ ಹಾಕಿದರೆ ಕುಡಿದುಬಿಡ್ತು. ಮತ್ತೆ ಹಾಕಿದೆ, ಮತ್ತೆ ಕುಡಿಯಿತು. ಕೊನೆಗೆ ಬತ್ತಿ ಬುಡಕ್ಕೆ ಬಂದು ಹಣತೆಯ ಅಂಚೇ ಹೊತ್ತಿಕೊಂಡಿತು. ವಾರ್ನಿಶ್ ಬಳಿದಿದ್ದೆ ಬೇರೆ. ದಯವಿಟ್ಟು ಯಾರೂ ಮಾಡಬೇಡಿ. ಮಾಡಲೇಬೇಕು ಅಂದರೆ ಒಳಗೆ ತಗಡಿನ ಬಟ್ಟಲಿರುವ ಸಣ್ಣ ಮೇಣದ ದೀಪ ಇಡಿ, ಇಲ್ಲ ಬ್ಯಾಟರಿ ದೀಪ ಇಡಿ.

ಹೆಬ್ಬಾಳದ ಹುಡುಗ

ನಾನು ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟೆ. ಕ್ರಿಸ್‌ಮಸ್ ನಕ್ಷತ್ರ ಪೂರಿ ಆಗಿ ಹೊರಗೆ ಬಂತು. ಸಾಗು ಒಂದೇ ಬಾಕಿ.

ಓಟಿಜಿ ರಾಣಿ

ಕಡಿಮೆ ಪವರ್, ಹತ್ತು ಹತ್ತು ಸೆಕೆಂಡ್, ನಡುವೆ ತೆಗೆದು ಆರಿಸಬೇಕು. ಆದರೂ ದಪ್ಪ ಇದ್ದರೆ ಉಬ್ಬುತ್ತೆ. ಒಳಗಿನ ನೀರು ಆವಿಯಾಗಿ ಹೊರಗೆ ಬರೋಕೆ ದಾರಿ ಬೇಕಲ್ಲ. ನಾನಂತೂ ಮೈಕ್ರೋವೇವ್ ಕಡೆ ಹೋಗಲ್ಲ.

ನಾಯಿ ಮನೆಯವಳು (ಕೋರಮಂಗಲ)

ಚರ್ಚೆಯ ನಡುವೆ ಒಂದು ಎಚ್ಚರಿಕೆ. ನಾಯಿ ಇರುವ ಮನೆಯವರು ತಪ್ಪದೆ ಓದಿ.

ಎರಡು ವರ್ಷದ ಹಿಂದೆ ಮರದ ಕೆಳಗಿನ ಕೊಂಬೆಗೆ ಕಟ್ಟಿದ್ದ ಉಪ್ಪುಹಿಟ್ಟಿನ ಗಂಟೆಗಳಲ್ಲಿ ಮೂರನ್ನು ನಮ್ಮ ಬೀದಿನಾಯಿ ರಾಜ ಕಿತ್ತು ತಿಂದ. ಅವನಿಗೆ ಅದು ಬಿಸ್ಕತ್ತು. ಅರ್ಧ ಗಂಟೆಯಲ್ಲಿ ವಾಂತಿ, ಬಕೆಟ್ ಖಾಲಿ ಮಾಡುವಷ್ಟು ಬಾಯಾರಿಕೆ, ಆಮೇಲೆ ಕಾಲು ನಡುಗಲು ಶುರು. ರಾತ್ರಿ ಹತ್ತಕ್ಕೆ ಡಾಕ್ಟರ ಹತ್ತಿರ ಓಡಿದೆವು, ಎರಡು ದಿನ ಡ್ರಿಪ್. ಬದುಕಿದ. ರಕ್ತದಲ್ಲಿ ಉಪ್ಪು ಏರಿದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು ಅಂದರು. ಹಸಿ ಹಿಟ್ಟಾದರೂ ಅಷ್ಟೆ, ಒಣಗಿದ್ದಾದರೂ ಅಷ್ಟೆ. ವಾಂತಿ ಮಾಡಿಸೋಣ ಅಂತ ಮನೆಯಲ್ಲಿ ಉಪ್ಪುನೀರು ಕುಡಿಸಿಬಿಡಬೇಡಿ, ಅದು ಬೆಂಕಿಗೆ ತುಪ್ಪ. ಸೀದಾ ಡಾಕ್ಟರ ಹತ್ತಿರ ಹೋಗಿ.

ಹಸಿರುಬಳೆ

ಅಬ್ಬಾ. ನಮ್ಮ ಮನೆಯಲ್ಲಿ ನಾಯಿ ಇಲ್ಲ, ಆದರೆ ಮೇಲ್ಮನೆಯ ನಾಯಿ ಬೊಂಬೆ ನೋಡಲು ಬರುತ್ತದೆ. ಶೆಟ್ಟಿ ಅಂಗಡಿ ಮೇಲಿನ ಮೆಟ್ಟಿಲಿಗೆ ಹತ್ತಿತು.

ಮಾಗಡಿ ರೋಡ್ ಮಂಜ

ನಾಯಿ ಇರಲಿ, ಇಲಿ ಕೇಳಿ. ಇಷ್ಟು ಉಪ್ಪಿದ್ದರೆ ಇಲಿ ಮುಟ್ಟಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿ ಅಟ್ಟದಲ್ಲಿ ರಟ್ಟಿನ ಡಬ್ಬದಲ್ಲಿಟ್ಟಿದ್ದೆ. ಹನ್ನೆರಡು ಹಕ್ಕಿ ಇಟ್ಟಿದ್ದೆ, ಐದು ಸಿಕ್ಕಿದವು. ಉಳಿದದ್ದರಲ್ಲಿ ರೆಕ್ಕೆಗೆ ಕಟ್ಟಿದ ದಾರ ಮಾತ್ರ ಇತ್ತು.

ಕುಮಟಾ ಕಡೆಯವ

ಬೆಂಗಳೂರು ಇಲಿಗೆ ಬಿಪಿ ಬಂದಿರಬೇಕು ಈಗ.

ದಾಸವಾಳ (ಜೆ.ಪಿ. ನಗರ)

ನನ್ನ ದಡ್ಡತನವನ್ನೂ ಸೇರಿಸಿಕೊಳ್ಳಿ. ಈ ಗಣೇಶನ ಹಬ್ಬಕ್ಕೆ ಉಪ್ಪುಹಿಟ್ಟಿನಲ್ಲಿ ಗಣೇಶ ಮಾಡಿದೆ. ಪಿಓಪಿ ಬೇಡ, ಬಣ್ಣ ಬೇಡ, ಮನೆಯ ಬಕೆಟ್‌ನಲ್ಲೇ ಬಿಡೋಣ ಅಂತ. ಸಂಜೆಗೆ ಚೆನ್ನಾಗಿ ಕರಗಿದ. ಪವಿತ್ರ ನೀರು ಅಂತ ಗಿಡಗಳಿಗೆ ಹಾಕಿದೆ. ವಾರದಲ್ಲಿ ಎರಡು ದಾಸವಾಳ, ಒಂದು ತುಳಸಿ ಎಲೆ ಅಂಚು ಸುಟ್ಟುಕೊಂಡು ಹೋದವು. ಉಪ್ಪುನೀರು ಹಾಕಿದೆ ಅಂತ ಹೊಳೆದದ್ದೇ ಆಮೇಲೆ. ಮುಂದಿನ ವರ್ಷ ಮಣ್ಣಿನ ಗಣೇಶ, ಸ್ಯಾಂಕಿ ಕೆರೆಯ ಕಲ್ಯಾಣಿಗೆ. ಒಡೆದ ಉಪ್ಪುಹಿಟ್ಟಿನ ಬೊಂಬೆಯನ್ನು ಗೊಬ್ಬರದ ಡಬ್ಬಕ್ಕೂ ಹಾಕಬೇಡಿ.

ಪಾಟರಿ ಟೌನ್ ಪಕ್ಕದಮನೆ

ನಾನು ಮೊದಲೇ ಹೇಳಿದೆ, ಮಣ್ಣು ಅಂತ.

ಬಸವನಗುಡಿ ಭಾಗೀರಥಿ

ಹಸಿರುಬಳೆ ಅವರೇ, ತರಕಾರಿಗೆ ಒಂದು ಉಪಾಯ. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚುಗಳು ಮನೆಯಲ್ಲಿವೆಯಾ? ನಮ್ಮತ್ತೆ ಕಾಲದ್ದು ನನ್ನ ಹತ್ತಿರ ಏಳು ಜೋಡಿ ಇದೆ. ಆನೆ, ಗಿಳಿ, ತೇರು, ಬಾಳೆಗೊನೆಯೂ ಇದೆ. ಸಕ್ಕರೆಗೆ ಅಚ್ಚನ್ನು ನೀರಲ್ಲಿ ನೆನೆಹಾಕಬೇಕು. ಹಿಟ್ಟಿಗೆ ತದ್ವಿರುದ್ಧ, ಅಚ್ಚು ಪೂರ್ತಿ ಒಣಗಿರಬೇಕು. ಒಳಗೆ ಮೈದಾ ಉದುರಿಸಿ, ತಟ್ಟಿ ಕೊಡವಿ, ಒಂದೇ ಪಾಲಿಗೆ ಹಿಟ್ಟು ಒತ್ತಿ, ಚಾಕುವಿನಲ್ಲಿ ಹಿಂಬದಿ ಸಮ ಮಾಡಿ, ಹಲಗೆಗೆ ತಿರುವಿ ಮೆಲ್ಲಗೆ ತಟ್ಟಿದರೆ ಗಿಳಿ ಬೀಳುತ್ತದೆ. ಕೊಕ್ಕು ಮೊದಲು ಬಿಡುತ್ತದೆ, ಬಾಲ ಕೊನೆಗೆ. ಬಾಲ ಅಚ್ಚಿನಲ್ಲೇ ಉಳಿದರೆ ಸೂಜಿಯಿಂದ ಎಬ್ಬಿಸಿ.

ಕೆಲಸ ಮುಗಿದ ಮೇಲೆ ಒಣ ಬ್ರಷ್ ಹಾಕಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಹಿಟ್ಟು ಒಳಗೇ ಒಣಗಿದರೆ ಸಂಕ್ರಾಂತಿಗೆ ಸಕ್ಕರೆ ಆನೆಗೆ ಉಪ್ಪಿನ ಕಿವಿ.

ಯಲಹಂಕ ಯಶೋದೆ

ಆಹಾ, ಎಂಥಾ ಐಡಿಯಾ ಅಮ್ಮ! ನಾನು ಶಾವಿಗೆ ಒರಳಲ್ಲಿ ಹಿಟ್ಟು ಒತ್ತಿ ಕುರಿಗೆ ಉಣ್ಣೆ, ಬೊಂಬೆಗೆ ಕೂದಲು ಮಾಡುತ್ತೇನೆ. ಆದರೆ ಅಲ್ಯೂಮಿನಿಯಂ ಒರಳನ್ನು ತಕ್ಷಣ ತೊಳೆಯದೆ ರಾತ್ರಿ ಬಿಟ್ಟೆ. ಬೆಳಗ್ಗೆ ಒಳಗೆಲ್ಲ ಚುಕ್ಕೆ ಚುಕ್ಕೆ. ಅತ್ತೆಯ ಮುಖ ನೆನೆಸಿಕೊಳ್ಳಿ.

ಓಟಿಜಿ ರಾಣಿ

ಬದನೆಕಾಯಿ ವಿಷಯ. ಗುಂಡಗಿನ ಗಟ್ಟಿ ಉಂಡೆ ಯಾವ ಕಾಲಕ್ಕೂ ಒಳಗೆ ಒಣಗಲ್ಲ. ಹೊರಗೆ ಸಿಪ್ಪೆ ಕಟ್ಟುತ್ತೆ, ಒಳಗೆ ಹಸಿ. ಅಲ್ಯೂಮಿನಿಯಂ ಫಾಯಿಲ್ ಮುದುಡಿ ಉಂಡೆ ಮಾಡಿ, ಅದರ ಮೇಲೆ ಹಿಟ್ಟನ್ನು ತೆಳ್ಳಗೆ ಹೊದಿಸಿ, ಹೋಳಿಗೆಗೆ ಹೂರಣ ತುಂಬುವ ಹಾಗೆ.

ಒಂದ್ನಿಮಿಷ ಗುರು

ಅಲ್ಯೂಮಿನಿಯಂಗೆ ಉಪ್ಪು ಆಗಲ್ಲ ಅಂತ ಈಗತಾನೇ ಮೇಲಿನವರು ಅಂದರು. ಒಳಗೆ ಫಾಯಿಲ್ ಇಡಿ ಅಂತ ನೀವು. ಯಾರನ್ನು ನಂಬೋದು?

ರಸಾಯನ ಮೇಷ್ಟ್ರು

ಇಬ್ಬರನ್ನೂ. ಉಪ್ಪು ಲೋಹ ತಿನ್ನಲು ನೀರು ಬೇಕು. ಒಣಗಿದ ಮೇಲೆ ಕೆಲಸ ನಿಲ್ಲುತ್ತದೆ. ಫಾಯಿಲ್‌ಗೆ ನಾಲ್ಕು ಚುಕ್ಕೆ ಬಿದ್ದರೂ ಬದನೆಕಾಯಿಯ ಹೊಟ್ಟೆಯಲ್ಲಿ ಯಾರು ನೋಡುತ್ತಾರೆ? ಆದರೆ ನೇತು ಹಾಕಲು ಹಸಿ ಹಿಟ್ಟಿಗೆ ಜೆಮ್ ಕ್ಲಿಪ್ ಚುಚ್ಚುವವರಿದ್ದಾರಲ್ಲ, ಅದು ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ. ಹಸಿಯಿರುವಾಗಲೇ ಸ್ಟ್ರಾದಿಂದ ತೂತು ಮಾಡಿ, ಒಣಗಿದ ಮೇಲೆ ದಾರ ಪೋಣಿಸಿ.

ಬೊಂಬೆ ಬಸಪ್ಪ (ವಿಜಯನಗರ)

ನಾನು ಕೊಪ್ಪಳ ಕಡೆಯವನು. ನಮ್ಮ ಕಿನ್ನಾಳದ ಬೊಂಬೆ ನೋಡಿದೀರಾ? ಹಗುರ ಮರದ ಮೇಲೆ ಹುಣಸೆಬೀಜದ ಅಂಟು ಹಾಕಿ ತಿದ್ದಿ ಬಣ್ಣ ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಜೋಡಿ ಇದೆ, ಬಣ್ಣ ಇನ್ನೂ ಹೋಗಿಲ್ಲ. ಉಪ್ಪು ಗಿಪ್ಪು ಏನಿಲ್ಲ ಅದರಲ್ಲಿ.

ರಾಮನಗರ ರೈಲು

ಚನ್ನಪಟ್ಟಣದ ಬೊಂಬೆ ಬಿಟ್ಟು ಕಿನ್ನಾಳ ಹೇಳಿದ್ರಿ. ನಾವು ಬೇಜಾರು ಮಾಡ್ಕೊಂಡ್ವಿ.

ಬೊಂಬೆ ಬಸಪ್ಪ

ನಿಮ್ಮದು ಹಾಲೆ ಮರ, ಅರಗು. ಚರಕಿಯಲ್ಲಿ ತಿರುಗಿಸಿದ್ದು. ನಮ್ಮದು ಕೈಯಲ್ಲಿ ತಿದ್ದಿದ್ದು. ಜಗಳ ಬೇಡ ಬಿಡ್ರಿ.

ಕುಮಟಾ ಕಡೆಯವ

ಉಪ್ಪು ಹಾಳು ಮಾಡಬಾರದು ಅಂದವರಿಗೆ ಒಂದು ಮಾತು. ನಮ್ಮ ಅಂಕೋಲೆಯಲ್ಲಿ 1930ರ ಏಪ್ರಿಲ್‌ನಲ್ಲಿ, ದಂಡಿಯ ಬೆನ್ನಿಗೇ, ಉಪ್ಪಿನ ಸತ್ಯಾಗ್ರಹ ಆಗಿತ್ತು. ಜನ ಸರ್ಕಾರದ ಕಟ್ಟಳೆ ಮುರಿದು ಉಪ್ಪು ಮಾಡಿದ ಊರು ನಮ್ಮದು. ಉಪ್ಪಿನ ಬೆಲೆ ನಮಗೂ ಗೊತ್ತುಂಟು. ಆದರೂ ಮಗು ಕೈಯಚ್ಚಿಗೆ ಒಂದು ಲೋಟ ಹೋದರೆ ಹೋಗಲಿ ಅಂತೇನೆ.

ವೇದಿಕೆ ನಿರ್ವಾಹಕ

ಸ್ವಾತಂತ್ರ್ಯ ಹೋರಾಟಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಕೈಯಚ್ಚು ಇನ್ನೂ ಬೆವರುತ್ತಾ ಇದೆ.

ಮರಗೆಲಸ ಮಧ್ಯಾಹ್ನ

ಎಲ್ಲವನ್ನೂ ಓದಿದೆ. ಒಂದು ಪ್ರಶ್ನೆ ಯಾರೂ ಕೇಳಿಲ್ಲ. ಹಸಿರುಬಳೆ ಮೇಡಂ, ಹಿಂಬದಿಗೆ ವಾರ್ನಿಶ್ ಹೊಡೆದಿದ್ರಾ? ಮತ್ತೆ ಹೊಸ ಮನೆಯಲ್ಲಿ ಅದನ್ನು ಯಾವ ಗೋಡೆಗೆ ಹಾಕಿದ್ದೀರಿ?

ಹಸಿರುಬಳೆ

ಹಿಂಬದಿ ಕಾಣಲ್ಲ ಅಂತ ಹಾಗೇ ಬಿಟ್ಟಿದ್ದೆ. ಗೋಡೆ... ಹಜಾರದ ಒಳಗಿನ ಗೋಡೆ. ಆಚೆ ಬದಿ ಬಚ್ಚಲುಮನೆ.

ಈಗ ಹೋಗಿ ಗೋಡೆ ಮುಟ್ಟಿ ನೋಡಿ ಬಂದೆ. ತಣ್ಣಗಿದೆ. ಬಿಲ್ಲೆ ಇದ್ದ ಜಾಗದಲ್ಲಿ ಬಣ್ಣ ಉಬ್ಬಿ ದುಂಡಗೆ ಕಲೆ.

ಮರಗೆಲಸ ಮಧ್ಯಾಹ್ನ

ಸಿಕ್ಕಿತು ನೋಡಿ ಕಳ್ಳ. ಮುಂದೆ ಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಿದ್ದೀರಿ. ಹಳೇ ಮನೆಯ ಗೋಡೆ ಒಣಗಿತ್ತು, ನಡೆಯಿತು. ಇಲ್ಲಿ ಗೋಡೆಯ ತೇವ ಹಿಂದಿನಿಂದ ಹೀರಿದೆ, ಮುಂದೆ ವಾರ್ನಿಶ್ ಇರುವುದರಿಂದ ಹೊರಗೆ ಹೋಗಲು ಜಾಗವಿಲ್ಲ. ವಾರ್ನಿಶ್ ತೆಳ್ಳಗಿರುವಲ್ಲಿ, ಅಂದರೆ ಬೆರಳಿನ ಗುಳಿಯಲ್ಲಿ, ಹನಿಯಾಗಿ ಬರುತ್ತಿದೆ.

ಖುಷಿಯ ವಿಷಯ ಅಂದರೆ ಹಿಂಬದಿ ತೆರೆದಿರುವುದರಿಂದ ನೀರು ಅದೇ ದಾರಿಯಲ್ಲಿ ಹೊರಗೂ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಬಿಳಿ ಪುಡಿಯನ್ನು ಒಣ ಬ್ರಷ್‌ನಲ್ಲಿ ಕೊಡವಿ. ನೀರು ಸೋಕಿಸಬೇಡಿ. ಜಾಲರಿ ಮೇಲೆ ಮೆತ್ತನೆ ಬಟ್ಟೆ ಹಾಸಿ, ಬೆನ್ನು ಮೇಲೆ ಮಾಡಿ ಮಲಗಿಸಿ. ಓಟಿಜಿ ಎಷ್ಟು ಕಡಿಮೆಗೆ ಹೋಗುತ್ತದೋ ಅಷ್ಟಕ್ಕೆ, 60–70 ಡಿಗ್ರಿ ಆದರೆ ಒಳ್ಳೆಯದು. ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಡಿ, ಆವಿ ಹೊರಗೆ ಹೋಗಲಿ. ಮೂರು ಗಂಟೆ ಬಿಸಿ, ಆಮೇಲೆ ಆರಿಸಿ ಅಲ್ಲೇ ಬಿಡಿ. ಮರುದಿನ ಮತ್ತೆ. ಪಕ್ಕದಿಂದ ಕದಲಬೇಡಿ, ಒಳಗೆ ಬಟ್ಟೆ ಇದೆ. ಬಣ್ಣ ಇರೋದರಿಂದ 100ಕ್ಕೆ ಇಡಬೇಡಿ, ವಾರ್ನಿಶ್ ಗುಳ್ಳೆ ಏಳುತ್ತದೆ.

ಜಿಗಣಿ ಇಂಜಿನಿಯರ್

ಒಣಗಿತೋ ಇಲ್ಲವೋ ಅಂತ ಮುಟ್ಟಿ ನೋಡಿದರೆ ಗೊತ್ತಾಗಲ್ಲ. ಅಡುಗೆಮನೆ ತಕ್ಕಡಿಯಲ್ಲಿ ತೂಕ ಮಾಡಿ. ಪ್ರತಿ ಸಲ ತಣ್ಣಗಾದ ಮೇಲೆ ತೂಗಿ ಬರೆದಿಡಿ. ತೂಕ ಇಳಿಯುತ್ತಿರುವ ತನಕ ಒಳಗೆ ನೀರಿದೆ ಅಂತ ಅರ್ಥ. ಎರಡು ಸಲ ಒಂದೇ ಸಂಖ್ಯೆ ಬಂದರೆ ಮುಗಿಯಿತು.

ಓಟಿಜಿ ರಾಣಿ

ಹತ್ತು ವರ್ಷದಿಂದ ಮಾಡುತ್ತಿದ್ದೇನೆ, ಇದು ನನಗೆ ಹೊಳೆದೇ ಇರಲಿಲ್ಲ! ಬೆನ್ನಿಗೆ ಕುಟ್ಟಿ ಟಣ್ ಅನ್ನುತ್ತಾ ಅಂತ ಕೇಳುತ್ತಿದ್ದೆ.

ಮಾಗಡಿ ರೋಡ್ ಮಂಜ

ಓಟಿಜಿ ಇಲ್ಲದವರು ಸೆಟ್‌ಟಾಪ್ ಬಾಕ್ಸ್ ಮೇಲೆ ಇಡಿ. ಸದಾ ಬೆಚ್ಚಗಿರುತ್ತೆ.

ಜಿಗಣಿ ಇಂಜಿನಿಯರ್

ಬೇಡ ಗುರು. ಗಾಳಿಯ ತೂತು ಮುಚ್ಚಿ ಬಾಕ್ಸ್ ಸುಡುತ್ತೆ, ಮೇಲಿನಿಂದ ಉಪ್ಪುನೀರು ಬೇರೆ.

ಬಸವನಗುಡಿ ಭಾಗೀರಥಿ

ಒಲೆಯಿಲ್ಲದೆ ಮಾಡಬೇಕು ಅಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿ. ಹಪ್ಪಳ ಸಂಡಿಗೆ ತಾರಸಿಗೆ ಹೋಗುತ್ತಲ್ಲ, ಅದರ ಪಕ್ಕದ ಚಾಪೆಯಲ್ಲಿ ಇದೂ ಒಣಗಲಿ. ಸಂಜೆ ಒಳಗೆ ತರಬೇಕು, ದಿನಾ ಮಗುಚಬೇಕು, ನಾಲ್ಕೈದು ಬಿಸಿಲು ಸಾಕು. ದಸರಾಕ್ಕೆ ಬೇಕು ಅಂತ ಸೆಪ್ಟೆಂಬರ್‌ನಲ್ಲಿ ಶುರು ಮಾಡೋರು ಶ್ರಾವಣದಲ್ಲಿ ಸಂಡಿಗೆ ಇಟ್ಟ ಹಾಗೆ.

ಹೆಬ್ಬಾಳದ ಹುಡುಗ

ವಾರ್ನಿಶ್ ಬದಲು ಬಿಳಿ ಅಂಟು ನೀರಲ್ಲಿ ಕಲಸಿ ಬಳಿದರೆ ಆಗಲ್ವಾ? ಮನೆಯಲ್ಲೇ ಇದೆ.

ಮರಗೆಲಸ ಮಧ್ಯಾಹ್ನ

ಒಣಗಿದಾಗ ಹೊಳೆಯುತ್ತದೆ, ಮಳೆಗಾಲದಲ್ಲಿ ಮತ್ತೆ ಮೆತ್ತಗಾಗುತ್ತದೆ. ಆ ಅಂಟು ನೀರಿನದ್ದು, ನೀರಿಗೇ ಸೋಲುತ್ತದೆ. ಬಣ್ಣದ ಅಂಗಡಿಯಲ್ಲಿ ಮರಕ್ಕೆ ಹೊಡೆಯುವ ಪಾಲಿಯುರೆಥೇನ್ ವಾರ್ನಿಶ್ ಸಣ್ಣ ಡಬ್ಬ ಕೇಳಿ. ತೆಳ್ಳಗೆ ಮೂರು ಕೈ, ಒಂದೊಂದರ ನಡುವೆ ಒಂದು ದಿನ. ಮುಂದೆ, ಹಿಂದೆ, ಅಂಚು, ದಾರದ ತೂತಿನ ಒಳಗೆ ಕೂಡ. ಕಿಟಕಿ ತೆರೆದು ಹೊಡೆಯಿರಿ, ಮಕ್ಕಳು ಪಕ್ಕದಲ್ಲಿ ಬೇಡ. ಬಣ್ಣಕ್ಕೆ ಅಕ್ರಿಲಿಕ್ ತೆಗೆದುಕೊಳ್ಳಿ. ಪೋಸ್ಟರ್ ಕಲರ್‌ಗೆ ನೀರು ಜಾಸ್ತಿ, ಮೇಲ್ಮೈ ಮತ್ತೆ ಹಿಟ್ಟಾಗುತ್ತದೆ.

ಯಲಹಂಕ ಯಶೋದೆ

ಸಣ್ಣ ಟೊಮೆಟೊಗಳಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು. ನಾನು ಹಾಗೇ ಮಾಡಿದ್ದೇನೆ, ಎರಡು ಮಳೆಗಾಲ ಕಳೆದಿವೆ.

ಹಸಿರುಬಳೆ

ಎಲ್ಲರಿಗೂ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಹತ್ತು ದಿನದ ವರದಿ ಕೊಡುತ್ತೇನೆ.

ಮೊದಲ ದಿನ ಒಣಗಿಸುವ ಮುಂಚೆ 348 ಗ್ರಾಂ. ಮೊದಲ ಸುತ್ತು ಆದ ಮೇಲೆ 331. ಎರಡನೇ ದಿನ 322. ಆಮೇಲೆ 318, 317, 317. ಅಷ್ಟು ನೀರು ಇದರೊಳಗೆ ಎಲ್ಲಿ ಕೂತಿತ್ತೋ! ಮೂರನೇ ದಿನ ಹೆಬ್ಬೆರಳಿನ ಪಕ್ಕ ಕೂದಲೆಳೆಯಷ್ಟು ಬಿರುಕು ಬಂತು. ಗಾಬರಿಯಾಗಿ ಓಟಿಜಿ ಆರಿಸಿದೆ. ಒಂದು ಚಿಟಿಕೆ ಮೈದಾ, ಅರ್ಧ ಚಿಟಿಕೆ ಪುಡಿ ಉಪ್ಪು, ಎರಡು ಹನಿ ನೀರು ಹಾಕಿ ದೋಸೆ ಹಿಟ್ಟಿನ ಹಾಗೆ ಮಾಡಿ ಕಡ್ಡಿಯಲ್ಲಿ ತುಂಬಿದೆ. ಹತ್ತಿರದಿಂದ ನೋಡಿದರೆ ಗೆರೆ ಕಾಣುತ್ತದೆ. ಇರಲಿ.

ಬೆನ್ನಿಗೆ ಮೂರು ಕೈ ವಾರ್ನಿಶ್ ಆಯಿತು, ಅಂಚಿಗೂ ಆಯಿತು. ಈಗ ಗೋಡೆಗಲ್ಲ, ಪುಸ್ತಕದ ಕಪಾಟಿನಲ್ಲಿ ನಿಲ್ಲಿಸಿದ್ದೇನೆ. ಪಕ್ಕದಲ್ಲಿ ಶೂ ಡಬ್ಬದಿಂದ ತೆಗೆದ ಸಿಲಿಕಾ ಜೆಲ್‌ನ ಎರಡು ಪೊಟ್ಟಣ. ಬಚ್ಚಲ ಗೋಡೆ ಬಗ್ಗೆ ಮನೆ ಮಾಲೀಕರಿಗೆ ಹೇಳಿದರೆ, ಮಳೆ ನಿಂತ ಮೇಲೆ ನೋಡೋಣ ಅಂದರು.

ಮಗಳು ಬಂದು ತನ್ನ ಕೈಯನ್ನು ಅಚ್ಚಿನ ಮೇಲಿಟ್ಟು ನೋಡಿದಳು. ಬೆರಳೆಲ್ಲ ಹೊರಗೆ ಬಂದವು. “ಇದು ನಂದಲ್ಲ, ಯಾವುದೋ ಪಾಪುದು” ಅಂತ ತೀರ್ಪು ಕೊಟ್ಟು ಹೋದಳು.

ಶೆಟ್ಟಿ ಅಂಗಡಿಗೆ ಪುಡಿ ಉಪ್ಪಿನಲ್ಲಿ ಎಲ್ಲ ಹೊಸದಾಗಿ ಮಾಡಿದೆ. ಫಾಯಿಲ್ ತುಂಬಿದ ಬದನೆಕಾಯಿ ನಿಂತಿದೆ. ಬಾಳೆಗೊನೆಗೆ ಭಾಗೀರಥಮ್ಮನ ಅಚ್ಚೇ ಬೇಕು.

ಬಸವನಗುಡಿ ಭಾಗೀರಥಿ

ಬಂದು ತಗೊಂಡು ಹೋಗಿ. ಗಾಂಧಿ ಬಜಾರ್ ಕಡೆ ಬಂದಾಗ ಇಲ್ಲಿ ಸಂದೇಶ ಹಾಕಿ. ಸಂಕ್ರಾಂತಿಗೆ ಮುಂಚೆ ವಾಪಸ್ ಬೇಕು, ಕಿವಿಯಲ್ಲಿ ಉಪ್ಪಿಲ್ಲದೆ.

ನೇರ ಮಾತು

ಹಿಟ್ಟು ಹಾಳು ಮಾಡಬಾರದು ಅನ್ನೋ ನನ್ನ ಮಾತು ಹಾಗೇ ಇದೆ. ಆದರೆ ನಮ್ಮ ಮೊಮ್ಮಗನಿಗೆ ಮುಂದಿನ ತಿಂಗಳು ಒಂದು ವರ್ಷ. ಎರಡು ಲೋಟ ಮೈದಾಕ್ಕೆ ಒಂದು ಲೋಟ ಉಪ್ಪು ಅಂದ್ರಲ್ವಾ?

ಓಟಿಜಿ ರಾಣಿ

ಹೌದು ಸರ್, ಪುಡಿ ಉಪ್ಪು. ಬೆನ್ನಿಗೂ ವಾರ್ನಿಶ್ ಹೊಡೆಯಿರಿ.

ಮಾಗಡಿ ರೋಡ್ ಮಂಜ

ಮೇಡಂ, ಒಂದು ಗ್ರಾಂ ವ್ಯತ್ಯಾಸ ತೋರಿಸೋ ಆ ತಕ್ಕಡಿ ಎಲ್ಲಿ ತಗೊಂಡ್ರಿ? ನಮ್ಮನೆಯದು ಐದರ ಕೆಳಗೆ ಕದಲೋದೇ ಇಲ್ಲ.